ಹಾಡಿಗೆ ಕಾಲಂ ಇರಲಿಲ್ಲ

ಗಂಡನ ಹೆಸರೇನು ಎಂದು ಕೇಳಿದರೆ ಆಕೆ ಬಾಯಿ ಬಿಡಲಿಲ್ಲ. ಸೆರಗಿನ ಗಂಟು ಬಿಚ್ಚಿ, ಪ್ಲಾಸ್ಟಿಕ್ ಕವಚದೊಳಗಿದ್ದ ಆಧಾರ್ ಕಾರ್ಡು ತೆಗೆದು, ನನ್ನ ಮೇಜಿನ ಮೇಲಿಟ್ಟು, ಒಂದು ಬೆರಳಿನಿಂದ ನನ್ನ ಕಡೆಗೆ ಸರಿಸಿದಳು.

"ನೀವ ಓದ್ಕೋರಿ, ಸಾಹೇಬ್ರ."

ನಮ್ಮ ಕಡೆಯ ಹಳ್ಳಿಗಳಲ್ಲಿ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ಯಾವ ಮನೆತನವಾದರೂ, ಯಾವ ದೇವರಿಗೆ ನಡೆದುಕೊಳ್ಳುವವರಾದರೂ ಇದೊಂದರಲ್ಲಿ ಎಲ್ಲರೂ ಒಂದೇ. ನನಗೆ ಅದು ಹೊಸದಲ್ಲ. ನಮ್ಮಜ್ಜಿ ಕೂಡ ಅಜ್ಜನನ್ನು ಕೊನೆಯವರೆಗೂ 'ಕೇಳಿತೇನ' ಎಂದೇ ಕರೆದವಳು. ಕಾರ್ಡು ನೋಡಿ ಹೆಸರು ಬರೆದುಕೊಂಡೆ.

ಆಗ ನಾನು ಹುನಗುಂದ ತಾಲ್ಲೂಕಿನ ಒಂದು ಠಾಣೆಯಲ್ಲಿ ಹೆಡ್ ಕಾನ್‌ಸ್ಟೇಬಲ್. ಠಾಣೆಯ ಬರವಣಿಗೆಯೆಲ್ಲ ನನ್ನ ಪಾಲಿಗಿತ್ತು. ಹಾಗಾಗಿ ಊರಿಗೆಲ್ಲ 'ರೈಟರ್ ಸಾಹೇಬ್ರು'. ಆಕೆ ಕಮತಗಿ ಕಡೆಯ ಒಂದು ಹಳ್ಳಿಯವಳು. ಮೂವತ್ತೈದರ ಆಜುಬಾಜಿನ ವಯಸ್ಸು. ಗಂಡ ಗಾದಿ ಮಾಡುವವ. ತಲೆಮಾರುಗಳಿಂದ ಹತ್ತಿ ಹಿಂಜುವ ಮುಸ್ಲಿಂ ಮನೆತನ, ಮನೆಯೊಳಗೂ ಹೊರಗೂ ಕನ್ನಡವೇ ಮಾತು. ಹೊಸ ಗಾದಿ ನಾಲ್ಕು ಇಳಕಲ್ಲಿನ ಅಂಗಡಿಗೆ ಮುಟ್ಟಿಸಿ, ಅಲ್ಲಿಂದ ಹೆದ್ದಾರಿಯ ಕಡೆ ಹತ್ತಿ ನೋಡಿಕೊಂಡು ಬರುತ್ತೇನೆಂದು ಹೋದವ, ನಾಲ್ಕು ದಿನವಾದರೂ ಬಂದಿರಲಿಲ್ಲ. ಯುಗಾದಿಗೆ ಇನ್ನೂ ಹದಿನೈದು ದಿನವಿತ್ತು.

ಕಾಣೆಯಾದವರ ದೂರು ಬಂದರೆ ಮೊದಲು ಚಹರೆ ಪಟ್ಟಿ ತುಂಬಬೇಕು. ವಯಸ್ಸು, ಎತ್ತರ, ಮೈಬಣ್ಣ, ಮುಖದ ಆಕಾರ, ಕೂದಲು, ಗಾಯದ ಗುರುತು, ಮೈಮೇಲಿನ ಬಟ್ಟೆ, ಬಲ್ಲ ಭಾಷೆ. ಒಂದೊಂದೇ ಕೇಳುತ್ತ ಹೋದೆ. ಎತ್ತರ ಎಷ್ಟು ಎಂದರೆ ಎದ್ದು ನಿಂತು ತನ್ನ ಹಣೆಯ ಮೇಲೆ ಕೈ ಇಟ್ಟು, ಕೈಯನ್ನು ಇನ್ನೂ ನಾಲ್ಕು ಬೆರಳು ಮೇಲೆ ಎತ್ತಿ ತೋರಿಸಿದಳು. ಮುಖ ಎಂದರೆ, "ಮುಖಾ ಮುಖದಂಗ ಐತ್ರಿ" ಎಂದಳು. ಗಡ್ಡ ಉಂಟು, ತಲೆಯ ಮೇಲೆ ಬಿಳಿ ಟೊಪ್ಪಿಗೆ. ಬಿಳಿ ಅಂಗಿ, ನೀಲಿ ಗೆರೆಯ ಲುಂಗಿ.

ಎಲ್ಲ ಮುಗಿಸಿ ಹೆಬ್ಬೆಟ್ಟಿಗೆ ಶಾಯಿ ಡಬ್ಬಿ ಸರಿಸಿದೆ. ಆಕೆ ಹಾಳೆಯನ್ನೇ ನೋಡುತ್ತಿದ್ದಳು.

"ಇನ್ನೊಂದು ಬರೀರಿ. ಚಲೋ ಹಾಡ್ತಾರ್ರಿ."

"ಹಾಡೂದಕ್ಕ ಇಲ್ಲಿ ಕಾಲಂ ಇಲ್ಲಬೇ ತಂಗಿ."

"ಕೆಳಗ ಜಾಗಾ ಐತೆಲ್ರಿ?"

"ಅಲ್ಲಿ ಸಾಹೇಬರ ಸಹಿ ಬೀಳತೈತಿ."

ಆಕೆ ಹೆಬ್ಬೆಟ್ಟು ಒತ್ತಿದಳು. ಮೊಹರಮ್ಮಿನ ಪದ ಹಾಡುವವರು ನಮ್ಮ ಕಡೆ ಮನೆಗೊಬ್ಬರು. ಇವನೂ ಅಂಥವನೇ ಎಂದುಕೊಂಡೆ. ಹಾಡುಗಾರನನ್ನು ಹುಡುಕಿ ಎಂದು ವೈರ್‌ಲೆಸ್ಸಿನಲ್ಲಿ ಹೇಳಿದರೆ ಆ ಕಡೆಯವರು ನಗುತ್ತಾರೆ ಎಂದೂ ಅನಿಸಿತ್ತು. ಅವತ್ತು ಉಳಿಸಿದ ಎರಡು ಸಾಲು ಜಾಗವನ್ನು ಈಗಲೂ ಕಣ್ಣೆದುರು ಕಾಣುತ್ತೇನೆ.

ಕೆಲಸವನ್ನು ನಾವು ಕಡಿಮೆ ಮಾಡಲಿಲ್ಲ. ಪ್ರಕರಣ ದಾಖಲಾದ ಗಳಿಗೆಯಲ್ಲೇ ಸುತ್ತಿನ ಜಿಲ್ಲೆಗಳಿಗೆ ವೈರ್‌ಲೆಸ್ ಸಂದೇಶ ಹೋಯಿತು. ಫೋಟೊ ಹಾಕಿದ ಪ್ರಕಟಣೆ ಬಸ್ ನಿಲ್ದಾಣಗಳ ಗೋಡೆ ಹತ್ತಿತು. ಇಳಕಲ್ಲಿನ ಅಂಗಡಿಯವ ಗಾದಿ ಇಳಿಸಿಕೊಂಡದ್ದು ನಿಜವೆಂದ. ಮೊಬೈಲಿನ ದಾಖಲೆ ತರಿಸಿದೆವು. ಕೊನೆಯ ಟವರ್ ಕುಷ್ಟಗಿ ದಾಟಿ ಹೆದ್ದಾರಿಯ ಮೇಲೆ. ಅಲ್ಲಿಂದ ಮುಂದೆ ಫೋನು ಸತ್ತಿತ್ತು. ಆ ದಾರಿಯ ಧಾಬಾ, ಹತ್ತಿ ಗೋದಾಮು, ಆಸ್ಪತ್ರೆ ಎಲ್ಲ ಸುತ್ತಿ ಬಂದೆ. ಆ ಹೆಸರಿನ ಯಾರೂ ದಾಖಲಾಗಿಲ್ಲ ಎಂದರು. ನಾನು ಹೆಸರು ಹಿಡಿದು ಕೇಳಿದೆ, ಅವರು ಹೆಸರು ನೋಡಿ ಹೇಳಿದರು. ಹೆಸರಿಲ್ಲದವರು ಯಾರಾದರೂ ಬಂದಿದ್ದಾರೆಯೇ ಎಂದು ಎರಡು ಕಡೆ ಕೇಳಿದ್ದೆ, ಮೂರನೆಯ ಕಡೆ ಕೇಳಲಿಲ್ಲ. ಹೊತ್ತಾಗಿತ್ತು, ಬಸ್ಸಿತ್ತು.

ಆ ಮಳೆಗಾಲ ಬಾಗಲಕೋಟೆಯ ಹಿನ್ನೀರಿನಲ್ಲಿ ಗುರುತು ಸಿಗದ ಒಂದು ಶವ ಬಂತು. ಎತ್ತರ, ವಯಸ್ಸು ಹೊಂದುತ್ತಿದ್ದವು. ಆಕೆಯನ್ನು ಕರೆದುಕೊಂಡು ಹೋಗುವ ಕೆಲಸ ನನ್ನದಾಯಿತು. ಶವಾಗಾರದ ಬಾಗಿಲಲ್ಲಿ, "ಮುಖಾ ನೋಡಬ್ಯಾಡ ತಂಗಿ, ಅದರಾಗ ಏನೂ ಉಳದಿಲ್ಲ" ಎಂದೆ. ಆಕೆ ಮುಖದ ಕಡೆ ನೋಡಲೂ ಇಲ್ಲ. ಬಟ್ಟೆ ಸರಿಸಿ ಬಲಗೈ ನೋಡಿದಳು. ಬಗ್ಗಿ ನೋಡಿದಳು.

"ಇದು ದಬ್ಬಣ ಹಿಡದ ಕೈ ಅಲ್ರಿ."

ಗಾದಿ ಹೊಲಿಯುವ ದಬ್ಬಣ ದೊಡ್ಡ ಸೂಜಿ. ಅದನ್ನು ನೂಕಿ ನೂಕಿ ಹೆಬ್ಬೆರಳ ಬುಡದಲ್ಲಿ ಗಟ್ಟಿ ಗಂಟು ಬೀಳುತ್ತದೆ, ಬೆರಳ ತುದಿ ಸವೆದು ನುಣುಪಾಗುತ್ತದೆ. ಈ ಕೈಗೆ ಅದಿರಲಿಲ್ಲ. ಹೊರಗೆ ಬಂದು ಊರ ಕಡೆಯ ಬಸ್ಸು ಹಿಡಿದೆವು. ಬಸ್ಸಿನಲ್ಲಿ ಕೂತ ಮೇಲೆ, "ಯಾರ ಮನಿಯವನೋ ಏನೋ, ಅವನ ಮನ್ಯಾಗೂ ಹಾದಿ ನೋಡಾಕತ್ತಿರ್ತಾರ" ಎಂದು ಅತ್ತಳು. ನಾನು ಕಂಡ ಹಾಗೆ ಆಕೆ ಅತ್ತದ್ದು ಅದೊಂದೇ ಸಲ.

ಅಂದಿನಿಂದ ವಾರದ ಸಂತೆಗೆ ಬಂದವಳು ಠಾಣೆಗೆ ಬಾರದೆ ಹೋದದ್ದಿಲ್ಲ. ಚೀಲ ಬಾಗಿಲ ಬಳಿ ಇಟ್ಟು, ಪಡಸಾಲೆಯ ಬೆಂಚಿನ ತುದಿಯಲ್ಲಿ ಕೂತು, ನಾನು ತಲೆ ಎತ್ತುವ ತನಕ ಕಾಯುವಳು. ನಾನು ತಲೆ ಅಲ್ಲಾಡಿಸಿದರೆ, "ಆಗಲಿ ಬಿಡ್ರಿ, ಮುಂದಿನ ಸಂತಿಗೆ ಬರ್ತೇನಿ" ಎಂದು ಏಳುವಳು. ಕೆಲವು ಸಲ ನಾನೇ ಕಡತದಲ್ಲಿ ಮುಖ ಹುದುಗಿಸಿ ತಡಮಾಡಿದ್ದುಂಟು. ಇಲ್ಲ ಎನ್ನುವುದನ್ನು ಆದಷ್ಟು ಮುಂದಕ್ಕೆ ಹಾಕುವ ಉಪಾಯ ಅದು. ಆಕೆಗೂ ಅದು ತಿಳಿದಿತ್ತು.

ಒಂದು ಸಲ ಒಳಗಿನ ವಿಶ್ರಾಂತಿ ಕೋಣೆಯ ಬಾಗಿಲು ತೆರೆದಿತ್ತು. ಕಾನ್‌ಸ್ಟೇಬಲ್ಲುಗಳು ಮಲಗುವ ಗಾದಿ ಆಕೆಯ ಕಣ್ಣಿಗೆ ಬಿತ್ತು.

"ಏನ್ರಿ ಇದು? ಗಾದಿನೋ ಗುಡ್ಡಾನೋ?"

"ಸರಕಾರಿ ಗಾದಿಬೇ," ಎಂದ ಒಬ್ಬ ಕಾನ್‌ಸ್ಟೇಬಲ್. "ಇದರ ಮ್ಯಾಲ ಮಲಗಿದವರಿಗೆ ಕಳ್ಳರು ಓಡಿಹೋದರೂ ಗೊತ್ತಾಗತೈತಿ. ನಿದ್ದಿನ ಬರೂದಿಲ್ಲ."

"ಹೊರಗ ತರ್ರಿ ಅದನ. ಸುಮ್ಮನ ಕುಂತರ ಕೈ ಕಡೀತಾವ."

ಬೇವಿನ ನೆರಳಿಗೆ ಗಾದಿ ಬಂತು. ಹೊಲಿಗೆ ಬಿಚ್ಚಿ, ಗಂಟುಗಟ್ಟಿದ ಹತ್ತಿಯನ್ನು ಎಳೆದು, ಕೋಲಿನಿಂದ ಬಡಿದು ಹದ ಮಾಡತೊಡಗಿದಳು. "ನಮ್ಮ ಮನಿಯವರಾದ್ರ ಹತ್ತಿ ಹಿಂಜೂ ಬಿಲ್ಲಿನಾಗ ಹೊಡೀತಿದ್ರು. ಟೊಂಯ್ ಟೊಂಯ್ ಅಂತ ಹೆದಿ ಬಡಿಯೂದು, ಅದಕ್ಕ ತಾಳ ಹಾಕಿ ಹಾಡೂದು. ಯಂತ್ರ ಬಂದ ಮ್ಯಾಲೂ ಬಿಲ್ಲು ಬಿಡಲಿಲ್ರಿ, ಯಂತ್ರದ ಮುಂದ ಹಾಡಾಕ ಆಗೂದಿಲ್ಲಂತ." ಹೀಗೆ ಒಂದಾದ ಮೇಲೊಂದು, ನಾಲ್ಕು ಸಂತೆಗಳಲ್ಲಿ ನಮ್ಮ ಠಾಣೆಯ ನಾಲ್ಕು ಗಾದಿಗಳೂ ಹೊಸದಾದವು. ಆಕೆ ಹಾಡಿನ ಸುದ್ದಿ ಎರಡನೆಯ ಸಲ ಎತ್ತಿದ್ದಳು ನೋಡಿ. ಆಗಲೂ ಯಾವ ಹಾಡು ಎಂದು ನಾನು ಕೇಳಲಿಲ್ಲ.

ವರ್ಷ ಕಳೆದು, ಇನ್ನೊಂದು ಮಳೆಗಾಲ ಬಂತು. ಆಗ ತುಂಗಭದ್ರೆಯ ಆಚೆಯ ಜಿಲ್ಲೆಯ ಒಂದು ನಿರಾಶ್ರಿತರ ಕೇಂದ್ರದಿಂದ ಒಂದು ಕಾಗದ ಬಂತು. ನಮಗೊಂದಕ್ಕೇ ಅಲ್ಲ, ಈ ಭಾಗದ ಎಲ್ಲ ಠಾಣೆಗಳಿಗೂ. ಹೆದ್ದಾರಿಯ ಬದಿ ತಲೆಗೆ ಪೆಟ್ಟುಬಿದ್ದು ಸಿಕ್ಕವನೊಬ್ಬ, ಆಸ್ಪತ್ರೆಯಲ್ಲಿ 'ಹೆಸರು ಗೊತ್ತಿಲ್ಲ' ಎಂದೇ ಗುಣವಾಗಿ, ಅಲ್ಲಿಂದ ಕೇಂದ್ರಕ್ಕೆ ಬಂದಿದ್ದಾನೆ. ಮಾತು ಹೋಗಿದೆ. ಆಧಾರ್ ಯಂತ್ರಕ್ಕೆ ಬೆರಳು ಹತ್ತುತ್ತಿಲ್ಲ. ಆದರೆ ಹಾಡುತ್ತಾನೆ. ಹಾಡುವುದು ಬೀರಪ್ಪನ ಡೊಳ್ಳಿನ ಪದ. ಆದ್ದರಿಂದ ಹಾಲುಮತದ, ಅಂದರೆ ಕುರುಬ ಸಮಾಜದ ವ್ಯಕ್ತಿ ಇರಬಹುದು. ನಿಮ್ಮ ವ್ಯಾಪ್ತಿಯಲ್ಲಿ ಆ ಸಮಾಜದವರು ಯಾರಾದರೂ ಕಾಣೆಯಾಗಿದ್ದರೆ ತಿಳಿಸುವುದು. ಜೊತೆಗೆ ಜೆರಾಕ್ಸ್ ಮಾಡಿದ ಒಂದು ಫೋಟೊ. ತಲೆ ಬೋಳಿಸಿದ್ದರು, ಗಡ್ಡ ತೆಗೆದಿದ್ದರು, ಮುಖ ಒಂದು ಕಡೆ ಊದಿತ್ತು. ಹೆತ್ತವಳೂ ಗುರುತಿಸಲಾರಳು, ಹಾಗಿತ್ತು.

ಆ ಕಾಗದವನ್ನು ನಾನು ಮೂಲೆಗೆ ಒಗೆಯಲಿಲ್ಲ, ಅಷ್ಟು ಹೇಳಿಕೊಳ್ಳಬಲ್ಲೆ. ನಮ್ಮ ಠಾಣೆಯ ಸರಹದ್ದಿನಲ್ಲಿ ಕುರಿಗಾರರ ಹಟ್ಟಿಗಳು ಐದಾರು. ಒಂದೊಂದಕ್ಕೂ ಖುದ್ದಾಗಿ ಹೋದೆ. ಬೀರಪ್ಪನ ಗುಡಿಯ ಕಟ್ಟೆಯ ಮೇಲೆ ಕೂತು, ಹಣೆಗೆ ಭಂಡಾರದ ಅರಿಸಿನ ಹಚ್ಚಿಸಿಕೊಂಡು, ಮಜ್ಜಿಗೆ ಕುಡಿದು, ಹಿರಿಯರನ್ನು ಕೇಳಿದೆ. ದೊಡ್ಡ ಹಟ್ಟಿಯ ಮುದುಕ ಪೂಜಾರಿಯನ್ನೂ ಕೇಳಿದೆ. ಎಂಬತ್ತರ ಮನುಷ್ಯ, ಕಂಬಳಿ ಹೊದ್ದು ಕೂತರೆ ಕುರಿಯ ಲೆಕ್ಕ, ಮನುಷ್ಯರ ಲೆಕ್ಕ ಎರಡೂ ತಲೆಯೊಳಗೇ ಇಟ್ಟುಕೊಂಡವ.

"ಅಜ್ಜಾ, ನಿಮ್ಮ ಮಂದ್ಯಾಗ ಯಾರಾರ ಕಾಣಿಯಾಗ್ಯಾರೇನ?"

ಮುದುಕ ಕಣ್ಣು ಮುಚ್ಚಿ ಮನೆ ಮನೆ ಎಣಿಸಿದ. "ಇಲ್ರಿ ಸಾಹೇಬ್ರ. ನಮ್ಮ ಮಂದಿ ಎಲ್ಲಾರೂ ಅದಾರ."

ಹಾಡಿನ ಮಾತು ನಾನು ಎತ್ತಲೇ ಇಲ್ಲ. ಬಂದು ಬರೆದೆ: 'ಸದರಿ ವಿವರಕ್ಕೆ ಹೊಂದುವ ಯಾವುದೇ ವ್ಯಕ್ತಿ ಈ ಠಾಣಾ ವ್ಯಾಪ್ತಿಯಿಂದ ಕಾಣೆಯಾಗಿರುವುದಿಲ್ಲ.' ಬರೆದ ಮೇಜಿನ ಹಿಂದೆಯೇ ಕಪಾಟು. ಅದರ ಎರಡನೆಯ ಅರೆಯಲ್ಲಿ ಗಾದಿ ಮಾಡುವವನ ಕಡತ. ನಡುವೆ ಎರಡು ಮೊಳ ಅಂತರ.

ಆ ಸಲದ ದೀಪಾವಳಿ ಕಳೆದು ಹದಿನೈದು ದಿನವಾಗಿತ್ತು. ಸಂತೆಯ ದಿನ. ಆಕೆ ಎಂದಿನಂತೆ ಬೆಂಚಿನ ತುದಿಯಲ್ಲಿದ್ದಳು. ಗಾದಿಗಳು ಮುಗಿದಿದ್ದವು, ಈಗ ದಿಂಬು ಬಿಚ್ಚಿ ಕೂತಿದ್ದಳು. ಅಷ್ಟರಲ್ಲಿ ದೊಡ್ಡ ಹಟ್ಟಿಯ ಮುದುಕ, ಎರಡು ಟಗರು ಕಳುವಾದ ದೂರು ಹಿಡಿದು ಬಂದ. ನಾನು ಹಾಳೆಗೆ ಕಾರ್ಬನ್ ಕಾಗದ ಸೇರಿಸುತ್ತಿದ್ದೆ. ಮುದುಕ ಬಾಗಿಲಲ್ಲೇ ನಿಂತುಬಿಟ್ಟ.

"ಏ ಮಗಳ, ನೀ ಇಲ್ಲೀ? ನಮ್ಮ ಹಾಡುಗಾರನ ಸುದ್ದಿ ಏನಾರ ಹತ್ತೇನ?"

"ಎಲ್ಲೀದ ಅಜ್ಜಾ."

"ಈ ಸಲಾನೂ ಅಮಾಸಿಗೆ ಡೊಳ್ಳಿನ ಮುಂದ ಅವನ ಜಾಗಾ ಖಾಲಿ ಬಿಟ್ಟಿದ್ವಿ ನೋಡ. ಯಾರೂ ಅಲ್ಲಿ ನಿಂದರಾಕ ಒಪ್ಪಲಿಲ್ಲ. ನಿಂತವರ ಹಾಡು ಅವನಂಗ ಏಳಬೇಕಲ್ಲ?"

ನನ್ನ ಕೈಯಲ್ಲಿದ್ದ ಕಾರ್ಬನ್ ಕಾಗದ ಹಾಗೇ ನಿಂತಿತು.

"ಯಾವ ಹಾಡುಗಾರ ಅಜ್ಜಾ?"

"ಈಕಿ ಗಂಡರಿ. ನಮ್ಮ ಗಾದಿ ಸಾಬ. ಸಣ್ಣವಿದ್ದಾಗ ಅವರಪ್ಪನ ಕೂಡ ನಮ್ಮ ಹಟ್ಟಿಗೆ ಉಣ್ಣಿ ಹಿಂಜಾಕ ಬರ್ತಿದ್ದ. ಬಿಲ್ಲು ಬಡಿತ ಬಡಿತ ಪದಾ ಕಲ್ತ. ಬೀರಪ್ಪನ ಪದಾ ಅವನಷ್ಟು ಬಲ್ಲವರು ನಮ್ಮ ಕುಲದಾಗ ಇಲ್ಲ."

"ಮತ್ತ ಅವತ್ತ ನಾ ಕೇಳಿದಾಗ ಯಾರೂ ಕಾಣಿಯಾಗಿಲ್ಲ ಅಂದೆಲ್ಲೋ ಅಜ್ಜಾ!"

ಮುದುಕ ನನ್ನನ್ನು ಪಿಳಿಪಿಳಿ ನೋಡಿದ. "ನಿಮ್ಮ ಮಂದ್ಯಾಗ ಅಂತ ಕೇಳಿದ್ರಿ. ನಮ್ಮ ಮಂದಿ ಎಲ್ಲಾರೂ ಇದ್ರು. ಖರೇನ ಹೇಳೇನಿ."

ಅವನೂ ಖರೆ ಹೇಳಿದ್ದ. ಕೇಂದ್ರದವರೂ ತಮಗೆ ಕಂಡದ್ದನ್ನೇ ಬರೆದಿದ್ದರು. ಹಾಡು ಬೀರಪ್ಪನದು ಎಂದ ಮೇಲೆ ಹಾಡುವವ ಬೀರಪ್ಪನ ಕುಲದವನೇ ಇರಬೇಕು ಎಂದು ದೂರದೂರಿನವರು ತಿಳಿದರೆ ತಪ್ಪಿಲ್ಲ. ಇದೇ ಮಣ್ಣಲ್ಲಿ ಹುಟ್ಟಿದ ನಾನು ತಿಳಿಯಬಾರದಿತ್ತು. ಮೊಹರಮ್ಮಿನ ಹೆಜ್ಜೆಮೇಳದಲ್ಲಿ, ಮುಸ್ಲಿಮನಲ್ಲದ ನಮ್ಮಜ್ಜ ಕುಣಿಯುತ್ತಿದ್ದುದನ್ನು ಎತ್ತಿನ ಬಂಡಿಯ ಮೇಲೆ ಕೂತು ನೋಡಿದವ ನಾನು.

ಕಪಾಟು ತೆಗೆದು ಎರಡೂ ಕಡತ ಮೇಜಿನ ಮೇಲಿಟ್ಟೆ. ಆಕೆಗೆ ಜೆರಾಕ್ಸ್ ಫೋಟೊ ತೋರಿಸಿದೆ. ಬಹಳ ಹೊತ್ತು ನೋಡಿದಳು.

"ಅಲ್ಲ ಅನ್ನಾಕೂ ಆಗವಲ್ದು, ಹೌದು ಅನ್ನಾಕೂ ಆಗವಲ್ದು," ಎಂದಳು. ಆಮೇಲೆ ಮೆಲ್ಲಗೆ, "ನಾ ಅವತ್ತ ಹೇಳಿದ್ನೆಲ್ರಿ" ಎಂದಳು. ಸಿಟ್ಟಿನಿಂದ ಅಂದಿದ್ದರೆ ಹಗುರಾಗುತ್ತಿತ್ತು.

ಅಲ್ಲಿಂದಲೇ ಕೇಂದ್ರಕ್ಕೆ ಫೋನು ಹಚ್ಚಿದೆ. ಗುಮಾಸ್ತ ಪುಸ್ತಕ ತಿರುವಿ ಹೇಳಿದ: ಆ ಮನುಷ್ಯ ಈಗ ಇಲ್ಲ. ತಿಂಗಳ ಹಿಂದೆ ತಪಾಸಣೆಗೆಂದು ಆಸ್ಪತ್ರೆಗೆ ಕರೆದೊಯ್ದಾಗ, ಎಲ್ಲರೂ ಸಾಲಿನಲ್ಲಿ ನಿಂತಿದ್ದ ಹೊತ್ತಿನಲ್ಲಿ, ಎದ್ದು ಹೋಗಿಬಿಟ್ಟ. ಅಲ್ಲಿಯ ಠಾಣೆಯಲ್ಲಿ ದೂರು ದಾಖಲಾಗಿದೆ: 'ಹೆಸರು ಗೊತ್ತಿಲ್ಲದ ವ್ಯಕ್ತಿ ಕಾಣೆ.'

ಫೋನು ಇಟ್ಟೆ. ಇಲ್ಲಿಂದ ಹೆಸರಿದ್ದವ ಕಾಣೆ, ಅಲ್ಲಿಂದ ಹೆಸರಿಲ್ಲದವ ಕಾಣೆ. ನಾನು 'ಇರುವುದಿಲ್ಲ' ಎಂದು ಬರೆದದ್ದಕ್ಕೂ ಅವನು ಎದ್ದು ನಡೆದದ್ದಕ್ಕೂ ನಡುವೆ ಮೂರು ತಿಂಗಳಿದ್ದವು. ಮೂರು ತಿಂಗಳು ಅವನು ಒಂದೇ ಜಾಗದಲ್ಲಿ ಕೂತು ಹಾಡುತ್ತಿದ್ದ. ಬಸ್ಸಿನಲ್ಲಿ ಐದು ತಾಸಿನ ದಾರಿ.

ಪಿಎಸ್‌ಐ ಸಾಹೇಬರಿಗೆ ಎಲ್ಲ ಹೇಳಿದೆ. ಅವರು ಹೊಸಬರು, ಒಳ್ಳೆಯವರು.

"ಫೋನಿನ್ಯಾಗ ಹೇಳೀರೆಲ್ಲ, ಸಾಕ್ರಿ. ಹಿಂದಿನ ಉತ್ತರ ತಪ್ಪಂತ ಬರದು ಕಳಸಿದ್ರ ಮೆಮೊ ಬರೂದು ನಿಮಗ."

"ಬರಲಿ ಸರ್. ಬರೀಲಿಲ್ಲಂದ್ರ ಅಲ್ಲಿಯ ಕಡತಕ್ಕ ಹೆಸರು ಹತ್ತೂದಿಲ್ಲ. ಮತ್ತೆಲ್ಲರ ಸಿಕ್ಕರೂ ಹೆಸರಿಲ್ಲದವನ ಆಗ್ತಾನ."

ಅವರು ನನ್ನ ಮುಖ ನೋಡಿ ಕಾಗದಕ್ಕೆ ಸಹಿ ಹಾಕಿದರು. 'ಈ ಠಾಣೆಯ ಹಿಂದಿನ ವರದಿ ತಪ್ಪಾಗಿರುತ್ತದೆ' ಎಂಬ ಒಂದು ಸಾಲು ಬರೆಯಲು ಅರ್ಧ ತಾಸು ಹಿಡಿಯಿತು. ಮೆಮೊ ಬಂತು, ಉತ್ತರ ಕೊಟ್ಟೆ, ಅದರ ಕಥೆ ಅಷ್ಟೇ.

ಕೇಂದ್ರದಲ್ಲಿ ಒಬ್ಬ ದಾದಿ, ಇವನು ಹಾಡುವುದನ್ನು ತನ್ನ ಫೋನಿನಲ್ಲಿ ಹಿಡಿದಿಟ್ಟಿದ್ದಳು. ಮೂರನೆಯ ದಿನ ಅದು ನನ್ನ ವಾಟ್ಸಪ್ಪಿಗೆ ಬಂತು. ಆಕೆಯನ್ನೂ ಮುದುಕನನ್ನೂ ಕರೆಸಿದೆ. ಧ್ವನಿ ಜೋರಾಗಿಯೇ ಇಟ್ಟಿದ್ದೆ, ಆದರೂ ಆಕೆ ಫೋನನ್ನು ಎರಡೂ ಕೈಯಲ್ಲಿ ಹಿಡಿದು ಕಿವಿಗೆ ಒತ್ತಿಕೊಂಡಳು. ದಾರಿ ತಪ್ಪಿದ ಮರಿಯನ್ನು ತಾಯಿಕುರಿ ಹುಡುಕುವ ಪದ. ಮೊದಲ ನುಡಿ, ಎರಡನೆಯ ನುಡಿ. ಒಂದು ಶಬ್ದ ತಪ್ಪಿರಲಿಲ್ಲ, ಮಾತು ಹೋದವನ ಬಾಯಿ ಅದು ಎಂದು ಯಾರೂ ನಂಬುವಂತಿರಲಿಲ್ಲ. ಮಾತು ತಲೆಯ ಒಂದು ಕಡೆ ಇದ್ದರೆ ಹಾಡು ಇನ್ನೊಂದು ಕಡೆ ಇರುತ್ತದಂತೆ. ಆಮೇಲೆ ಡಾಕ್ಟರೊಬ್ಬರು ಹೇಳಿದರು.

"ಅವರ ರೀ," ಎಂದಳು. ಮತ್ತೆ ಮೊದಲಿಂದ ಹಚ್ಚಿಸಿ ಕೇಳಿದಳು. ನಾಲ್ಕು ಸಲ. "ಮೂರನೇ ನುಡಿ ಹಾಡಿಲ್ಲ ನೋಡ್ರಿ. ಅದನ ಒಬ್ಬರ ಹಾಡಾಕ ಬರೂದಿಲ್ಲ. ಅರ್ಧಾ ಇವರು ಅಂದ್ರ ಉಳದರ್ಧ ಮೇಳದವರು ಅನಬೇಕು."

ಮುದುಕ ಬೊಕ್ಕ ಬಾಯಿ ಒರೆಸಿಕೊಂಡು ಕೇಳಿದ: "ಸಾಹೇಬ್ರ, ಈ ಪದಾ ನಮ್ಮ ಮಂದಿ ಫೋನಿಗೆ ಒಗೀತೀರೇನು? ಸುಗ್ಗಿ ಮುಗದು ನಮ್ಮ ಹಿಂಡೆಲ್ಲ ಹೊರಬಿದ್ದಾವ. ತುಂಗಭದ್ರಾ ನೀರಿನ ಹೊಲದಾಗ, ಮಲಪ್ರಭಾ ದಂಡ್ಯಾಗ, ಎಲ್ಲಾ ಕಡೆ ನಮ್ಮವರ ಅದಾರ. ಅವ ಕುರಿ ದನಿ ಕೇಳಿದ್ರ ಅತ್ತಾಗ ಹೊಕ್ಕಾನ. ನಿಮ್ಮ ಠಾಣೆ ಕಡೆ ಬರಾಂಗಿಲ್ಲ."

ಎರಡೂ ಮಾಡಿದೆವು. ಹೊಸ ಪ್ರಕಟಣೆ, ಹೊಸ ಫೋಟೊ, ಹೆಸರು ಸೇರಿಸಿ ಎಲ್ಲ ಠಾಣೆಗಳಿಗೆ ಹೋಯಿತು. ಹಾಡು ಕುರಿಗಾರರ ಫೋನಿನಿಂದ ಫೋನಿಗೆ ಹೋಯಿತು. ಸುಳ್ಳು ಸುದ್ದಿಗಳೂ ಬಂದವು. ಒಂದು ಸಲ ಬಾದಾಮಿಯ ಬಸ್ ನಿಲ್ದಾಣದಲ್ಲಿ ಇದ್ದಾನೆಂದು ಓಡಿದರೆ, ಭಜನೆ ಹಾಡಿಕೊಂಡು ಊರೂರು ತಿರುಗುವ ಯಾರೋ ಪುಣ್ಯಾತ್ಮ. "ನನ್ನ ಯಾರೂ ಹುಡುಕೂದಿಲ್ರಿ, ಹುಡುಕಿದ್ದಕ್ಕ ಚಾ ಕುಡಸರಿ" ಎಂದ. ಕುಡಿಸಿ ಬಂದೆವು.

ಹಿಂಗಾರಿ ಜೋಳ ಕಿತ್ತು ಮುಗಿಯುತ್ತಿದ್ದ ಕಾಲ. ಒಂದು ಮುಂಜಾನೆ ಮುದುಕನ ಫೋನು ಬಂತು. ಬಾದಾಮಿಯ ಆಚೆ, ಮಲಪ್ರಭೆಯ ದಂಡೆಯ ಹೊಲವೊಂದರಲ್ಲಿ ಗೊಬ್ಬರಕ್ಕಾಗಿ ಕುರಿ ಕೂಡಿಸಿದವರ ಬಿಡಾರದಲ್ಲಿ ಒಬ್ಬ ಇದ್ದಾನೆ. ಬೇರೆ ಸೀಮೆಯ ಕುರಿಗಾರರು ಅವನನ್ನು ತುಂಗಭದ್ರೆಯ ಕಡೆಯಿಂದ ತಮ್ಮ ಜೊತೆ ಕರೆತಂದಿದ್ದಾರೆ. ಅವರಿಗೂ ಹೆಸರು ಗೊತ್ತಿಲ್ಲ. ಉಣ್ಣೆ ಬಿಡಿಸುತ್ತಾನೆ, ಹಾಡುತ್ತಾನೆ.

ಠಾಣೆಯ ಜೀಪು ಬೇರೆ ಕೆಲಸಕ್ಕೆ ಹೋಗಿತ್ತು. ಬಸ್ಸಿಗೇ ಹೊರಟೆವು: ನಾನು, ಮುದುಕ, ಆಕೆ. ಆಕೆ ಆಳೆತ್ತರದ ಹತ್ತಿ ಹಿಂಜುವ ಬಿಲ್ಲನ್ನು ಹೊತ್ತು ತಂದಿದ್ದಳು. ಕಂಡಕ್ಟರ್ ಬಾಗಿಲಲ್ಲೇ ತಡೆದ.

"ಯಾವ ನಾಟಕಕ್ಕ ಹೊಂಟಿಬೇ ಯವ್ವಾ? ರಾಮ ಎಲ್ಲಿ?"

"ಅವರನ ಕರಿಯಾಕ ಹೊಂಟೇನಿ, ಸರೀಪಾ," ಎಂದು ಒಳಗೆ ಹತ್ತಿದಳು.

ದಾರಿಯುದ್ದಕ್ಕೂ ಬಿಲ್ಲನ್ನು ಮಡಿಲಿಗೆ ಅಡ್ಡ ಹಿಡಿದಿದ್ದಳು. ಅವನಲ್ಲದಿದ್ದರೆ ಏನು ಮಾಡುತ್ತಾಳೆ ಎಂದು ನನಗೆ ಚಿಂತೆ. ಆ ಬಿಲ್ಲನ್ನು ತಿರುಗಿ ಹೊತ್ತುಕೊಂಡು ಬರುವ ದಾರಿಯನ್ನು ಊಹಿಸಲಾಗದೆ ಕಿಟಕಿಯ ಹೊರಗೆ ನೋಡುತ್ತ ಕೂತೆ.

ಬಿಡಾರದ ಮುಂದೆ ಜಾಲಿಯ ನೆರಳು. ಅಲ್ಲೊಬ್ಬ ಬೆನ್ನು ಮಾಡಿ ಕೂತು, ಉಣ್ಣೆಯೊಳಗಿನ ಮುಳ್ಳು ಆರಿಸುತ್ತಿದ್ದ. ಕೂದಲು ಬೆಳೆದಿತ್ತು, ಗಡ್ಡ ಬೆಳೆದಿತ್ತು, ಹಣೆಯಲ್ಲಿ ಭಂಡಾರ. ಆಕೆ ಹತ್ತು ಹೆಜ್ಜೆ ದೂರದಲ್ಲಿ ನಿಂತಳು. ನಾನು ನನ್ನ ಕಿವಿಯಿಂದ ಕೇಳಿದೆ. ಆಕೆ ಅವನ ಹೆಸರು ಹಿಡಿದು ಕರೆದಳು. ನನ್ನ ಮೇಜಿನ ಮುಂದೆ ಬಾಯಿ ಬಿಟ್ಟು ಹೇಳದ ಹೆಸರು. ಮೊದಲ ಸಲ ಮೆಲ್ಲಗೆ, ಎರಡನೆಯ ಸಲ ಹೊಲದ ಆಚೆಯ ಕುರಿಗಳೂ ತಲೆ ಎತ್ತುವ ಹಾಗೆ.

ಅವನು ತಿರುಗಿದ. ನಮ್ಮನ್ನು ನೋಡಿದ. ಆ ಹೆಸರಿನವರು ಯಾರಿದ್ದಾರೆ ಎಂಬಂತೆ ತನ್ನ ಅಕ್ಕಪಕ್ಕ ನೋಡಿ, ಮತ್ತೆ ಉಣ್ಣೆಗೆ ಕೈ ಹಾಕಿದ.

ಆಕೆಯ ಮುಖ ನೋಡಲು ನನಗೆ ಧೈರ್ಯ ಸಾಲಲಿಲ್ಲ.

ಮುದುಕ ಹೋಗಿ ಅವನೆದುರು ಕುಕ್ಕರಗಾಲಲ್ಲಿ ಕೂತ. ಖಾಲಿ ನೀರಿನ ಕೊಡ ಬೋರಲು ಹಾಕಿ ಅದರ ಮೇಲೆ ಬೆರಳಾಡಿಸುತ್ತ ಪದ ಎತ್ತಿದ. ಎರಡನೆಯ ಸಾಲಿಗೆ ಅವನು ಕೂಡಿಕೊಂಡ. ಕೈ ಉಣ್ಣೆಯಲ್ಲೇ ಇತ್ತು, ಕಣ್ಣು ನೆಲದ ಮೇಲಿತ್ತು, ದನಿ ಮಾತ್ರ ಎದ್ದು ನಿಂತಿತು. ಮೊದಲ ನುಡಿ ಮುಗಿಯಿತು. ಎರಡನೆಯದೂ ಮುಗಿಯಿತು. ಮೂರನೆಯದಕ್ಕೆ ಬಂದು ಅವನು ಅರ್ಧ ಹಾಡಿದ:

"ಬಂದ ದಾರಿ ಕೇಳತೈತಿ, ಮರಿ ಎಲ್ಲಿ ಹೋಯಿತಂತ..."

ನಿಲ್ಲಿಸಿದ. ಮುದುಕನಿಗೆ ಉಳಿದರ್ಧ ಗೊತ್ತಿತ್ತು. ಬೇಕೆಂದೇ ಬಾಯಿ ಮುಚ್ಚಿಕೊಂಡು ಆಕೆಯ ಕಡೆ ನೋಡಿದ.

ಅಡುಗೆ ಮನೆಯಿಂದ, ಗೋಡೆಯ ಈ ಕಡೆಯಿಂದ, ಮದುವೆಯಾದಂದಿನಿಂದ ಕೇಳಿದ ಪದ. ಎಂದೂ ಬಾಯಿಬಿಟ್ಟು ಹಾಡಿದವಳಲ್ಲ. ಈಗಲೂ ಹಾಡಲಿಲ್ಲ, ಹೇಳಿದಳು:

"ಹೋದ ದಾರಿ ಹೇಳತೈತಿ, ಇನ್ನೂ ನಡದೈತಂತ."

ಅವನ ಕೈ ನಿಂತಿತು. ಆಕೆಯನ್ನು ನೋಡಿದ. ಅಕ್ಕಪಕ್ಕ ನೋಡಲಿಲ್ಲ, ಆಕೆಯನ್ನೇ ನೋಡಿದ. ಬಾಯಿ ತೆರೆದ, ತುಟಿ ಅಲುಗಿತು, ಗಂಟಲಿನ ನರ ಉಬ್ಬಿತು. ಏನೂ ಬರಲಿಲ್ಲ. ಆಕೆ ಹತ್ತಿರ ಹೋಗಿ, ಅವನ ಬಲಗೈ ಹಿಡಿದು, ಹೆಬ್ಬೆರಳ ಬುಡ ಒತ್ತಿ ನೋಡಿದಳು. ಆಮೇಲೆ ಬಿಲ್ಲನ್ನು ಅವನ ಮುಂದಿಟ್ಟು ಪಕ್ಕದಲ್ಲಿ ಕೂತುಬಿಟ್ಟಳು.

ನನ್ನ ಕೆಲಸ ಇನ್ನೂ ಉಳಿದಿತ್ತು. ಕಾಣೆಯಾದ ವಯಸ್ಕರು ಸಿಕ್ಕಾಗ ಅವರ ಹೇಳಿಕೆ ಬರೆಯಬೇಕು. ಯಾರು, ಎಲ್ಲಿದ್ದರು, ಮನೆಯವರ ಜೊತೆ ಸ್ವಂತ ಇಚ್ಛೆಯಿಂದ ಹೋಗುತ್ತಾರೋ ಇಲ್ಲವೋ. ಹೆಂಡತಿ ಕರೆದಳೆಂದು, ಪೊಲೀಸರು ಬಂದರೆಂದು ಯಾರನ್ನೂ ಎಳೆದೊಯ್ಯುವಂತಿಲ್ಲ. ಹಾಳೆ ತೊಡೆಯ ಮೇಲಿಟ್ಟು ಕೂತೆ.

"ಈಕಿ ಜೋಡಿ ಊರಿಗೆ ಹೋಗ್ತೀರೇನ್ರಿ?" ಎಂದು ಕೇಳಿದೆ.

ಅವನು ನನ್ನನ್ನು ನೋಡಿದ. ಬಿಲ್ಲನ್ನು ಎತ್ತಿ, ಹೆದೆಯನ್ನು ಬೆರಳಿನಿಂದ ಮೀಟಿ, ಸಡಿಲಾಗಿದೆ ಎಂಬಂತೆ ಮುಖ ಸಿಂಡರಿಸಿದ. ಆಮೇಲೆ ಅದನ್ನು ಹೆಗಲಿಗೆ ಹಾಕಿಕೊಂಡು ಎದ್ದು ನಿಂತ.

ಬರೆದೆ: 'ಪ್ರಶ್ನೆಗೆ ಬಾಯಿಮಾತಿನ ಉತ್ತರ ಇರುವುದಿಲ್ಲ. ತನ್ನ ಕಸುಬಿನ ಬಿಲ್ಲನ್ನು ಹೆಗಲಿಗೆ ಹಾಕಿಕೊಂಡು ಎದ್ದು ನಿಂತಿದ್ದರಿಂದ, ಹೋಗಲು ಸಮ್ಮತಿ ಇರುವುದಾಗಿ ತಿಳಿಯಲಾಗಿದೆ.' ಪಿಎಸ್‌ಐ ಸಾಹೇಬರು ಓದಿ, ಒಂದಕ್ಷರ ತಿದ್ದದೆ ಸಹಿ ಹಾಕಿದರು.

ಕಡತ ಮುಚ್ಚಿದೆವು. ಆ ಮೇಲೆ ನನ್ನ ಮೇಜಿಗೆ ಬಂದ ಪ್ರತಿಯೊಂದು ಚಹರೆ ಪಟ್ಟಿಯ ಕೆಳಗಿನ ಎರಡು ಸಾಲು ಜಾಗವನ್ನು, ಬಂದವರು ಇನ್ನೇನು ಹೇಳುತ್ತಾರೋ ಅದಕ್ಕೆಂದು ಬಿಟ್ಟಿದ್ದೇನೆ. ಸಹಿ ಪಕ್ಕಕ್ಕೆ ಸರಿಯುತ್ತದೆ. ಸಾಹೇಬರು ಬದಲಾದಾಗೊಮ್ಮೆ ಬೈಸಿಕೊಳ್ಳುತ್ತೇನೆ.

ಆಕೆ ಮಾತ್ರ ಸಂತೆಯ ದಿನ ಈಗಲೂ ಬರುತ್ತಾಳೆ. ಈಗ ಇಬ್ಬರೂ ಬರುತ್ತಾರೆ. ಅವನು ಬೇವಿನ ನೆರಳಲ್ಲಿ ಕೂರುತ್ತಾನೆ, ಮನಸ್ಸು ಬಂದರೆ ಹಾಡುತ್ತಾನೆ. ಡಾಕ್ಟರ ಹತ್ತಿರ ಹೋಗಿ ಬರುತ್ತಿದ್ದಾರೆ. 'ನೀರು' ಎನ್ನುತ್ತಾನಂತೆ, 'ಹತ್ತಿ' ಎನ್ನುತ್ತಾನಂತೆ. ಮೊನ್ನೆ ಕೇಳಿದೆ:

"ನಿನ್ನ ಏನಂತ ಕರೀತಿದ್ರು ತಂಗಿ, ಮೊದಲ?"

"ಹೆಸರ ಹಿಡದು ಎಂದೂ ಕರದಿಲ್ರಿ. 'ಏ, ಎಲ್ಲಿದ್ದಿ' ಅಂತಿದ್ರು. ಮನಿ ಹೊಸ್ತಲಾ ದಾಟಿದ್ರ ಸಾಕು, ನಾ ಎದುರಿಗೆ ನಿಂತಿದ್ರೂ ಏ ಎಲ್ಲಿದ್ದಿ."

"ಈಗ?"

ಆಕೆ ನೆರಳಿನ ಕಡೆ ನೋಡಿದಳು. ಅವನು ಬಿಲ್ಲಿನ ಹೆದೆ ಬಿಗಿಯುತ್ತಿದ್ದ.

"ಇನ್ನೂ ಅಂದಿಲ್ರಿ," ಎಂದಳು. ಚೀಲ ಎತ್ತಿಕೊಂಡಳು. "ಅವರು ಹೊರಗಿಂದ ಬರೂದ ಕಂಡ್ರ ಒಳಗ ಹೋಗಿ ನಿಂದರ್ತೇನಿ, ಕರದಾರಂತ."